ಹೊಗೆಯಿಲ್ಲದ ಉಂಡೆ

“ಇದ್ದಿಲು ಉರಿಸೋಕೂ ಇಂಜಿನಿಯರ್ ಬೇಕೇನ್ರೀ?”

ಮೈಸೂರಿನ ಚಾಮರಾಜಪುರಂನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಒಡತಿ ಪುಟ್ಟಮ್ಮನವರು ನನ್ನನ್ನು ಮೊದಲು ಕೇಳಿದ್ದೇ ಇದು. ನಮ್ಮ ಧಾರವಾಡದಲ್ಲಿ ಹೀಗೆ ಕೇಳಿದ್ದರೆ ಜಗಳವಾಗುತ್ತಿತ್ತು. ಇವರು ಕೇಳಿ, ನಕ್ಕು, ಕಾಫಿ ಕೊಟ್ಟರು. ಇಂಥ ಮೆತ್ತನೆಯ ಚುಚ್ಚುಮಾತು ನನಗೆ ಹೊಸದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಪೆಟ್ರೋಲು ಸಲೀಸಾಗಿ ಸಿಗತೊಡಗಿದಾಗ ಆ ಕೆಲಸ ಹೋಯಿತು. ಮೈಸೂರಿನ ಪ್ರಯೋಗಶಾಲೆಯೊಂದು ಕರೆಯಿತು: ಇದ್ದಿಲ ಪುಡಿಯಿಂದ ಹೊಗೆ ಬಾರದ ಉಂಡೆ ಮಾಡಬೇಕು. ಎರಡು ವರ್ಷ ಹಿಡಿಯಿತು. ಜೋಳದ ರೊಟ್ಟಿ ಸಿಗದ, ಬಾಯಿ ತೆರೆದರೆ ‘ಯಾವ ಕಡೆಯವರು’ ಎಂದು ಜನ ತಿರುಗಿ ನೋಡುವ ಊರಿನಲ್ಲಿ ಆ ಉಂಡೆಯೊಂದೇ ನನ್ನದಾಗಿತ್ತು.

ಪುಟ್ಟಮ್ಮನವರ ಮಗಳು ಜಯ ಹೆರಿಗೆಗೆ ಬಂದಳು, ಮಗುವಾಯಿತು. ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟರೂ ಮಾಳಿಗೆಯ ಬೆಳಕಿಂಡಿ ತೆರೆದೇ ಇರುತ್ತದೆ. ಇಲ್ಲಿ ಕೋಣೆ ಚಿಕ್ಕದು, ಒಂದೇ ಕಿಟಕಿ. ಬಾಣಂತಿಗೆ ಗಾಳಿ ಸೋಕಬಾರದೆಂದಿದ್ದರೂ ಹೊಗೆಗೆ ಹೆದರಿ ಅದನ್ನು ಅರ್ಧ ತೆರೆದಿಡುತ್ತಿದ್ದರು. ಅವರ ಅಗ್ಗಿಷ್ಟಿಕೆಗೆ, ಅಂದರೆ ನಮ್ಮ ಶಿಗಡಿಗೆ, ನಾನೇ ಒಂದು ಬುಟ್ಟಿ ಉಂಡೆ ಕೊಟ್ಟೆ.

“ಇನ್ನು ಕಿಟಕಿ ಮುಚ್ಚಬಹುದಾ?”

“ಮುಚ್ರಿ. ಹೊಗೀನ ಇಲ್ಲಲ್ರಿ,” ಎಂದೆ.

“ನೋಡೇ ಜಯಾ, ಇವ್ರು ಓದಿರೋದು ಸುಳ್ಳಲ್ಲ ಕಣೆ!”

ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷದ ಅನಿಲ ಬರುತ್ತದೆ. ಅದರಿಂದಲೇ ನಾನು ಬಸ್ಸು ಓಡಿಸಿದವನು. ಹೊಗಳಿಕೆಯ ಆ ಗಳಿಗೆಯಲ್ಲಿ ಅದು ನೆನಪಾಗಲಿಲ್ಲ.

ಉಂಡೆ ಕೊಟ್ಟ ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದೆ. ಎಣ್ಣೆನೀರು ಎರೆದು, ಕಂಬಳಿ ಹೊದಿಸಿ ಒಳಗೆ ಮಲಗಿಸಿದ್ದ ಜಯಳನ್ನು ಅಂಗಳಕ್ಕೆ ಎತ್ತಿ ತಂದಿದ್ದರು. ಕೆನ್ನೆ ಕೆಂಪಗಿತ್ತು. ಉಸಿರಿರಲಿಲ್ಲ. ಮಗು ಹೊರಗೆ ಅಜ್ಜಿಯ ತೊಡೆಯ ಮೇಲಿದ್ದುದರಿಂದ ಉಳಿಯಿತು. ಬಾಣಂತಿ ಸನ್ನಿ ಎಂದರು ನೆರೆಯವರು.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಸುಮ್ಮನಿದ್ದೆ. ಆಮೇಲೆ ಪುಟ್ಟಮ್ಮನವರಿಗೆ ಎಲ್ಲವನ್ನೂ ಹೇಳಿದೆ.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ರಿ. ನೆನಪಾಗಲಿಲ್ರಿ.”

ಅವರು ಮಗುವಿಗೆ ಕುಲಾವಿ ಕಟ್ಟಿದರು. “ಈ ಮನೆ ಖಾಲಿ ಮಾಡ್ಬುಡಿ ಕಣಪ್ಪ. ಊರು ಬಿಟ್ಟು ಮಾತ್ರ ಹೋಗ್ಬೇಡಿ. ಆ ಉಂಡೆ ತಗೊಳ್ಳೋರಿಗೆ ಇದನ್ನ ಹೇಳೋರು ಬೇರೆ ಯಾರವ್ರೆ?” ಎಂದರು.

ಈಗ ಬನ್ನಿಮಂಟಪದ ಕಡೆ ಇದ್ದೇನೆ. ಉಂಡೆ ಅಂಗಡಿಗೆ ಬಂದಿದೆ. ಪೊಟ್ಟಣದ ಮೇಲೆ ಎಚ್ಚರಿಕೆ ಅಚ್ಚಾಗಬೇಕೆಂದು ಬರೆದುಕೊಟ್ಟೆ, ಮೇಲಿನವರು ಒಪ್ಪಲಿಲ್ಲ. ಭಾನುವಾರಗಳಂದು ದೇವರಾಜ ಮೊಹಲ್ಲಾದ ಅಂಗಡಿಯ ಮುಂದೆ ನಿಂತು, ಕೊಳ್ಳುವವರಿಗೆ ನಾನೇ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ನನ್ನ ಮಾತಿನ ಧಾಟಿಗೆ ನಗುತ್ತಾರೆ. ವಾಪಸು ಬಾ ಎಂದು ಧಾರವಾಡದಿಂದ ಅಣ್ಣ ಕಾಗದ ಹಾಕುತ್ತಾನೆ. ಬರಲಾರೆ ಎಂದು ಬರೆಯುತ್ತೇನೆ. ಇಲ್ಲಿಯವನಾದೆ ಎಂದು ಮಾತ್ರ ಬರೆಯಲು ಕೈ ಏಳುವುದಿಲ್ಲ.