ಬರೀ ಬಟ್ಟಲು ಕೊಡಬಾರದು

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಬ್ಯಾಂಕಿನ ಹುಡುಗಿ ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಗಿರಿಜ ಊಟ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಫಳಫಳ ಹೊಳೆಯುವಂತೆ ತೊಳೆದು, ಒರೆಸಿ, ನಗುತ್ತಾ ವಾಪಸು ಕೊಟ್ಟು ಹೋದಳು. ಹುಡುಗಿ ಕಲ್ಕತ್ತೆಯ ಕಡೆಯವಳು. ಕಡೂರಿಗೆ ವರ್ಗವಾಗಿ ಬಂದು ಇನ್ನೂ ತಿಂಗಳು ತುಂಬಿಲ್ಲ. ಗಿರಿಜ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು. ಎಲ್ಲಾದರೂ ಮೂಲೆಯಲ್ಲಿ ಏನಾದರೂ ಅಂಟಿಕೊಂಡಿದೆಯೇನೋ ಎಂದು ಇನ್ನೊಮ್ಮೆ ಇಣುಕಿದಳು.

"ನೋಡ್ರೀ, ದಿನಾ ಇದೇ ಕತೆ. ಬರೀ ಡಬ್ಬಿ," ಅಂದಳು. "ಓದಿದೋರಂತೆ."

ಓದಿದೋರು ಅನ್ನುವಾಗ ನನ್ನ ಕಡೆಗೂ ಒಂದು ನೋಟ ಬಂತು. ನಾನು ಜರ್ಮನಿಯಲ್ಲಿ ಓದಿ ಬಂದವನು. ನದಿಗಳಿಗೆ ಅಡ್ಡಲಾಗಿ ಸೇತುವೆ ಕಟ್ಟುವ ವಿದ್ಯೆ ಕಲಿತು ಬಂದು ಈಗ ತಾಲ್ಲೂಕಿನ ಮೋರಿಗಳ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ. ಹಾಗಾಗಿ ಓದಿದವರನ್ನು ಯಾರು ಏನೇ ಅಂದರೂ ದಿನಪತ್ರಿಕೆಯ ಹಿಂದೆ ಅಡಗಿಕೊಳ್ಳುವುದು ನನ್ನ ವಾಡಿಕೆ. ಇವತ್ತು ಮಾತ್ರ ಕಣ್ಣು ಪತ್ರಿಕೆ ಬಿಟ್ಟು ಗೋಡೆಗೂಡಿನಲ್ಲಿದ್ದ ಬಟ್ಟಲಿನ ಕಡೆ ಹೋಯಿತು. ಬಿಳಿ ಎನಾಮಲ್ ಬಟ್ಟಲು, ಅಂಚಿಗೆ ನೀಲಿ ಗೆರೆ, ಒಂದು ಕಡೆ ಚಕ್ಕೆ ಎದ್ದಿದೆ. ಗಿರಿಜ ಅದರಲ್ಲಿ ಅಂಗಿಯ ಗುಂಡಿ, ಸೂಜಿ, ದಾರದುಂಡೆ ಹಾಕಿಟ್ಟಿದ್ದಾಳೆ. ಆ ಬಟ್ಟಲನ್ನು ನಾನು ಹತ್ತು ವರ್ಷದಿಂದ ವಾಪಸು ಕೊಡಬೇಕಾಗಿದೆ.

ನಿಮ್ಮ ಮನೆಯಲ್ಲೂ ಈ ಶಾಸ್ತ್ರ ಇದ್ದೇ ಇರುತ್ತದೆ. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಖಾಲಿ ಕಳಿಸುವಂತಿಲ್ಲ. ಹೋಳಿಗೆ ಬಂದಿದ್ದರೆ ಹೋಳಿಗೆಯೇ ಹೋಗಬೇಕೆಂದಿಲ್ಲ, ಒಂದು ಹಿಡಿ ಹೆಸರುಕಾಳು, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಎಸಳು ಕರಿಬೇವು ಸಾಕು. ಅಜ್ಜಂಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ದೇವರಿಗೆ ಕೈ ಮುಗಿಯುವುದನ್ನು ಮರೆತರೂ ನಡೆಯುತ್ತಿತ್ತು, ಇದನ್ನು ಮರೆತರೆ ಇಲ್ಲ. "ಬರೀ ಪಾತ್ರೆ ಕೊಡಬಾರ್ದು ಕಣೋ, ನಾಕು ಕಾಳಾದ್ರೂ ಹಾಕ್ಕೊಡು," ಎಂದು ಅವ್ವ ನನಗೆ ನಡೆಯಲು ಬಂದಾಗಿನಿಂದ ಹೇಳುತ್ತಿದ್ದಳು. ನಾನು ಜರ್ಮನಿಗೆ ತೆಗೆದುಕೊಂಡು ಹೋದ ಸಂಸ್ಕಾರ ಬಹುಶಃ ಇದೊಂದೇ. ಅದೇ ನನ್ನನ್ನು ಮುಳುಗಿಸಿತು.

ನಾನು ಹೊರಟ ದಿನ ಅಜ್ಜಂಪುರದ ಸ್ಟೇಷನ್ನಿನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವುದು ಕಷ್ಟ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆಯವರು ಶಿವಮೊಗ್ಗಕ್ಕೆ ಹೋಗಿ ಬಂದರೂ ನಾಲ್ಕು ದಿನ ಅದನ್ನೇ ಹೇಳುತ್ತಿದ್ದರು, ಇನ್ನು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಸ್ಟುಟ್‌ಗಾರ್ಟ್ ಎಂಬ, ಯಾರ ಬಾಯಲ್ಲೂ ನೆಟ್ಟಗೆ ನಿಲ್ಲದ ಊರಿಗೆ ಹೊರಟವನನ್ನು ಸುಮ್ಮನೆ ಬಿಟ್ಟಾರೆಯೇ? ಹಾರಗಳು ಕಿವಿಯವರೆಗೆ ಬಂದವು. ಕೊಬ್ಬರಿ ಮಂಡಿಯ ಸಾಹುಕಾರರು ಅಲ್ಲಿ ಕೊಬ್ಬರಿಗೆ ಏನು ಧಾರಣೆ ಎಂದು ವಿಚಾರಿಸಿ ಬರೆಯಲು ಹೇಳಿದರು. ನಿವೃತ್ತ ಹೆಡ್‌ಮಾಸ್ತರರು ನಾನು ಹಿಂತಿರುಗಿ ಬಂದು ದೇಶ ಕಟ್ಟುವುದರ ಬಗ್ಗೆ ಮಾತಾಡುತ್ತಾ ಇದ್ದರು, ರೈಲು ಹೊರಟುಬಿಟ್ಟಿತು. ಅಪ್ಪ ಕಿಟಕಿಯ ಪಕ್ಕ ಹತ್ತು ಹೆಜ್ಜೆ ನಡೆದು, "ಅರ್ಧಕ್ಕೆ ಬಿಟ್ಟು ಬರ್ಬ್ಯಾಡ ಕಣಪ್ಪ," ಅಂದರು. ಅಷ್ಟೆ.

ಅವ್ವ ಕೊಟ್ಟದ್ದು ಒಂದು ತಗಡಿನ ಡಬ್ಬ. ಅದರ ತುಂಬ ರಾಗಿ ಹುರಿಹಿಟ್ಟು, ಮೇಲೆ ಚಟ್ನಿಪುಡಿಯ ಪೊಟ್ಟಣ, ಸಂದಿಗೊಂದಿಗೆ ಕೊಬ್ಬರಿ ಬಟ್ಟಲು. ದಿನಕ್ಕೊಂದು ಹಿಡಿ ಹಿಟ್ಟಿಗೆ ಹಾಲು ಬೆಲ್ಲ ಕಲಸಿ ತಿಂದರೆ ಸಂಕ್ರಾಂತಿಯವರೆಗೆ ಬರುತ್ತದೆಂದು ಲೆಕ್ಕ ಹಾಕಿಯೇ ತುಂಬಿದ್ದಳು. ಕೊರಳಲ್ಲಿ ಲಿಂಗ ಇರುವವನು ಮಾಂಸ ಮುಟ್ಟುವುದಿಲ್ಲ ಎಂದು ಕೈ ಮೇಲೆ ಕೈ ಹಾಕಿಸಿಕೊಂಡು ಭಾಷೆಯನ್ನೂ ತೆಗೆದುಕೊಂಡಿದ್ದಳು. ನಾನು ಇಂಗ್ಲಿಷ್ ಪುಸ್ತಕ ಓದಿಕೊಂಡವನು, ಒಳಗೊಳಗೇ ನಕ್ಕೆ. ಆ ನಗು ವಿಮಾನದ ಮೊದಲ ಊಟದ ತಟ್ಟೆಯ ಮುಚ್ಚಳ ತೆಗೆಯುವವರೆಗೆ ಇತ್ತು.

ಸ್ಟುಟ್‌ಗಾರ್ಟಿನಲ್ಲಿ ನನಗೆ ಸಿಕ್ಕಿದ್ದು ಗುಡ್ಡದ ಮೇಲಿನ ಒಂದು ಮನೆಯ ಅಟ್ಟದ ಕೋಣೆ. ತಲೆ ಎತ್ತಿ ನಿಂತರೆ ತೊಲೆ ಬಡಿಯುತ್ತಿತ್ತು. ಹೊರದೇಶದ ವಿದ್ಯಾರ್ಥಿಗಳಿಗೆ ಕೋಣೆ ಸಿಗುವುದೇ ಕಷ್ಟವಂತೆ, ಇದನ್ನು ಕಳೆದುಕೊಂಡರೆ ಇನ್ನೊಂದಿಲ್ಲ ಎಂದು ಮೊದಲೇ ಹೆದರಿಸಿದ್ದರು. ಮನೆಯೊಡತಿ ಫ್ರೌ ಹೈನ್ಲೆ, ಅಂದರೆ ನಮ್ಮಲ್ಲಿ ಹೈನ್ಲೆ ಅಮ್ಮನವರು ಎಂದ ಹಾಗೆ. ಅರವತ್ತು ದಾಟಿದ ವಿಧವೆ, ಬಿಗಿದು ಕಟ್ಟಿದ ತುರುಬು. ಜೊತೆಗೆ ವಾಲ್ಡಿ ಎಂಬ, ಉದ್ದ ಮೈಯ ಕುಳ್ಳ ಕಾಲಿನ ನಾಯಿ. ನಾನು ಬೆಂಗಳೂರಿನಲ್ಲಿ ಮೂರು ತಿಂಗಳು ಕಲಿತ ಜರ್ಮನ್ ಭಾಷೆಯಲ್ಲಿ ಇದು ಮೇಜು, ಅದು ಕಿಟಕಿ ಎಂದು ಹೇಳಬಹುದಿತ್ತು. ಫ್ರೌ ಹೈನ್ಲೆಗೆ ತನ್ನ ಮನೆಯಲ್ಲಿ ಯಾವುದು ಮೇಜು ಎಂಬುದು ಮೊದಲೇ ಗೊತ್ತಿದ್ದುದರಿಂದ ನಮ್ಮ ಮಾತುಕತೆ ಹೆಚ್ಚು ಬೆಳೆಯಲಿಲ್ಲ.

ಬಂದ ಮಾರನೆಯ ದಿನ ನನ್ನ ಬಾಗಿಲಿಗೆ ಒಂದು ಮರದ ಹಲಗೆ ನೇತುಬಿದ್ದಿತ್ತು. ನನಗಾದ ಸನ್ಮಾನವೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಆ ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ಹುಟ್ಟಿದಾಗಿನಿಂದ ಪೊರಕೆ ಹಿಡಿಯದ ಗಂಡುಮಗ ವಿಮಾನ ಹತ್ತಿ ಬಂದು ಐವತ್ತಾರು ಮೆಟ್ಟಿಲು ಗುಡಿಸಿದೆ. ಹೆಡ್‌ಮಾಸ್ತರರು ಹೇಳಿದ ದೇಶ ಕಟ್ಟುವ ಕೆಲಸ ಹೀಗೆ ಶುರುವಾಯಿತು.

ಮೆಟ್ಟಿಲು ಶುದ್ಧವಾದದ್ದು ಅವರಿಗೆ ಸಂತೋಷವಾಯಿತೆಂದು ಕಾಣುತ್ತದೆ. ಸಂಜೆ ಬಾಗಿಲು ಬಡಿದು ಈ ನೀಲಿ ಅಂಚಿನ ಬಟ್ಟಲನ್ನು ನನ್ನ ಕೈಗಿತ್ತರು. ಬಿಸಿಬಿಸಿ, ಹೊಗೆಯಾಡುತ್ತಿದೆ. ನೋಡುತ್ತೇನೆ, ಬೇಳೆ! ವಿಮಾನ ಹತ್ತಿದಾಗಿನಿಂದ ಬ್ರೆಡ್ಡು, ಬಾಳೆಹಣ್ಣು ತಿಂದವನಿಗೆ ಬೇಳೆ ಸಾರು ಕಂಡು ಕಣ್ಣು ಒದ್ದೆಯಾಯಿತು. ಜರ್ಮನರನ್ನು ಮನಸ್ಸಿನಲ್ಲಿಯೇ ಹೊಗಳುತ್ತಾ ಚಮಚ ಮುಳುಗಿಸಿದೆ. ತಳದಿಂದ ಗುಲಾಬಿ ಬಣ್ಣದ ದಪ್ಪ ತುಂಡೊಂದು ಮೇಲೆದ್ದು ಬಂತು, ಅದರ ಹಿಂದೆ ಇನ್ನೊಂದು.

ಬೇಡವೆಂದು ವಾಪಸು ಕೊಡಬಹುದಿತ್ತು ಎನ್ನುತ್ತೀರಿ. ಮನೆಗೆ ಬಂದದ್ದನ್ನು ಹಾಗೆ ಹಿಂದಕ್ಕೆ ಕಳಿಸುವವರು ನಮ್ಮ ವಂಶದಲ್ಲಿ ಇರಲಿಲ್ಲ, ಮೇಲಾಗಿ ಕೋಣೆ ಹೋದೀತೆಂಬ ಭಯ. ಚೆಲ್ಲೋಣವೆಂದರೆ ಅನ್ನ ಚೆಲ್ಲಿದ ಪಾಪ. ಅಷ್ಟರಲ್ಲಿ ವಾಸನೆ ಹಿಡಿದು ಮೆಟ್ಟಿಲು ಹತ್ತಿ ಬಂದ ವಾಲ್ಡಿ ಬಾಗಿಲ ಸಂದಿಯಲ್ಲಿ ಮೂಗಿಟ್ಟು ನಿಂತಿತ್ತು. ಪರಮಾತ್ಮನೇ ಕಳಿಸಿದ ಹಾಗೆ! ಎರಡು ನಿಮಿಷದಲ್ಲಿ ಬಟ್ಟಲು ತೊಳೆದಷ್ಟು ಸ್ವಚ್ಛವಾಯಿತು. ಆದರೂ ಮೂರು ಸಲ ತೊಳೆದೆ. ತೊಳೆದ ಬಟ್ಟಲನ್ನು ಬರಿದಾಗಿ ಹಿಡಿದು ಮೆಟ್ಟಿಲಿಳಿಯಲು ಕಾಲು ಬರಲಿಲ್ಲ. ತಗಡಿನ ಡಬ್ಬ ತೆಗೆದು ಹುರಿಹಿಟ್ಟು ಹಾಕಿದೆ. ಬಟ್ಟಲು ಅಗಲವಾದದ್ದು, ತಳ ಕಾಣುವಂತೆ ಕೊಟ್ಟರೆ ಅಜ್ಜಂಪುರದ ಮಾನ ಏನಾಗಬೇಕು? ನಾಲ್ಕು ಹಿಡಿ ಹಾಕಿ, ಮೇಲೆ ಒಂದು ಕೊಬ್ಬರಿ ಚೂರು ಇಟ್ಟು ಕೊಟ್ಟು ಬಂದೆ.

ಮಾರನೆಯ ಸಂಜೆ ಮತ್ತೆ ಬಟ್ಟಲು ಬಂತು.

ಮುಂದಿನದನ್ನು ನೀವೇ ಊಹಿಸಬಹುದು. ಅವರು ಸೂಪು ಕೊಡುವುದು, ನಾಯಿ ತಿನ್ನುವುದು, ನಾನು ಹುರಿಹಿಟ್ಟು ಕೊಡುವುದು. ಅದಕ್ಕೆ ಪ್ರತಿಯಾಗಿ ಅವರು ಇನ್ನೂ ದೊಡ್ಡ ತುಂಡುಗಳಿರುವ ಸೂಪು ಕೊಡುವುದು. ಅವ್ವ ಸಂಕ್ರಾಂತಿಗೆಂದು ಅಳೆದದ್ದು ದೀಪಾವಳಿಗೇ ತಳ ಕಾಣುವ ಹಾಗಾಯಿತು. ಅದನ್ನು ನಾನು ತಿನ್ನುತ್ತಿದ್ದುದು ಚಮಚದ ಲೆಕ್ಕದಲ್ಲಿ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಕೊರೆದೆ. ತರಗತಿಯಲ್ಲಿ ಪ್ರಾಧ್ಯಾಪಕರು ತೂಗುಸೇತುವೆಯ ಭಾರದ ಬಗ್ಗೆ ಹೇಳುವಾಗ ನನಗೆ ಹೊಟ್ಟೆ ಚುರುಗುಟ್ಟುವುದಷ್ಟೇ ಕೇಳಿಸುತ್ತಿತ್ತು. ಇತ್ತ ವಾಲ್ಡಿಯ ಹೊಟ್ಟೆ ಮೆಟ್ಟಿಲಿಗೆ ತಾಗತೊಡಗಿತು.

ಒಂದು ಭಾನುವಾರ ಕೂತು ಅಪ್ಪನಿಗೆ ಕಾಗದ ಬರೆದೆ. ಇಲ್ಲಿನ ಹವೆ ನನ್ನ ಶ್ವಾಸಕೋಶಕ್ಕೆ ಒಗ್ಗುತ್ತಿಲ್ಲ, ವೈದ್ಯರು ಹಿಂತಿರುಗಲು ಹೇಳಿದ್ದಾರೆ ಎಂದು. ಶ್ವಾಸಕೋಶ ಎಂಬ ಪದವನ್ನು ಬಹಳ ಯೋಚಿಸಿ ಹಾಕಿದ್ದೆ, ಹೊಟ್ಟೆ ಎಂದರೆ ಊರವರು ನಗುತ್ತಾರೆ. ಕಾಗದಕ್ಕೆ ಸ್ಟಾಂಪು ಅಂಟಿಸಿ ಮೇಜಿನ ಮೇಲಿಟ್ಟೆ. ಡಬ್ಬ ಖಾಲಿಯಾದ ದಿನ ಅಂಚೆಗೆ ಹಾಕುವುದು, ಗಂಟುಮೂಟೆ ಕಟ್ಟುವುದು ಎಂದು ನಿಶ್ಚಯಿಸಿದೆ. ಅಪ್ಪ ಕಿಟಕಿಯ ಪಕ್ಕ ನಡೆದ ಹತ್ತು ಹೆಜ್ಜೆ ನೆನಪಾದಾಗಲೆಲ್ಲ ಕಾಗದವನ್ನು ಮಗುಚಿ ಇಡುತ್ತಿದ್ದೆ.

ಡಬ್ಬ ಖಾಲಿಯಾಯಿತು. ಕೊನೆಯ ಚೂರು ಹಿಟ್ಟನ್ನೂ ಬಡಿದು ಕೊಟ್ಟಾಗಿತ್ತು. ಮಾರನೆಯ ಸಂಜೆಯೂ ಸೂಪು ಬಂತು, ವಾಲ್ಡಿ ತಿಂದಿತು, ಬಟ್ಟಲು ತೊಳೆದದ್ದಾಯಿತು. ಹಾಕಿಕೊಡಲು ಏನೂ ಇಲ್ಲ. ನಾನು ಬಟ್ಟಲನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಎರಡು ದಿನ ಫ್ರೌ ಹೈನ್ಲೆಯ ಹೆಜ್ಜೆ ಸಪ್ಪಳ ಕೇಳಿದರೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಮೂರನೆಯ ದಿನ ಅವರೇ ಬಾಗಿಲು ಬಡಿದು ತಮ್ಮ ಬಟ್ಟಲು ಎಲ್ಲಿ ಎಂದರು.

ಮಂಚದ ಕೆಳಗಿನಿಂದ ತೆಗೆದೆ. ಕೊಡಲು ಮಾತ್ರ ಕೈ ಬರಲಿಲ್ಲ. ಎದೆಗವಚಿಕೊಂಡು ನಿಂತು, ನನಗೆ ಬರುತ್ತಿದ್ದ ಜರ್ಮನ್ ಭಾಷೆಯನ್ನೆಲ್ಲ ಒಟ್ಟುಮಾಡಿ ಹೇಳಿದೆ: "ಬಟ್ಟಲು ಖಾಲಿ. ಖಾಲಿ ಕೊಡುವುದು ಇಲ್ಲ. ನನ್ನ ತಾಯಿ ಬೈಯುತ್ತಾಳೆ."

ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟ ಮೇಲೆ ಉಳಿದದ್ದನ್ನೂ ಹೇಳಿಬಿಡುವುದು ಮೇಲು ಎನ್ನಿಸಿತು. "ಮಾಂಸ, ನಾನು ಇಲ್ಲ," ಅಂದೆ. ನಾಯಿಯ ಕಡೆ ಬೆರಳು ತೋರಿಸಿ, "ಇವನು ಹೌದು."

ಫ್ರೌ ಹೈನ್ಲೆ ನಿಧಾನವಾಗಿ ವಾಲ್ಡಿಯ ಕಡೆ ತಿರುಗಿದರು. ವಾಲ್ಡಿ ಬೇರೆ ಕಡೆ ತಿರುಗಿತು. ಪಶುವೈದ್ಯರು ಅದರ ಊಟವನ್ನು ಅರ್ಧಕ್ಕೆ ಇಳಿಸಿ ಎರಡು ವಾರವಾಗಿತ್ತಂತೆ, ಆದರೂ ಹೀಗೇಕೆ ಊದುತ್ತಿದೆಯೆಂದು ಇವರು ಚಿಂತೆಯಲ್ಲಿದ್ದರಂತೆ. ಅವರು ಸರ್ರನೆ ಕೆಳಗಿಳಿದು ಹೋದರು. ಕೋಣೆ ಹೋಯಿತು ಎಂದುಕೊಂಡೆ. ಮೇಜಿನ ಮೇಲಿದ್ದ ಕಾಗದವನ್ನು ತೆಗೆದು ಜೇಬಿಗಿಟ್ಟೆ.

ಅವರು ಮತ್ತೆ ಬಂದಾಗ ಕೈಯಲ್ಲಿ ದೊಡ್ಡ ತಟ್ಟೆಯಿತ್ತು. ತಟ್ಟೆಯ ತುಂಬ ಜಾಮಿನ ಖಾಲಿ ಸೀಸೆಗಳು, ಆದರೆ ಖಾಲಿಯಲ್ಲ. ಒಂದೊಂದರಲ್ಲೂ ಹುರಿಹಿಟ್ಟು, ಮೇಲೊಂದು ಕೊಬ್ಬರಿ ಚೂರು. ಒಂದೊಂದಕ್ಕೂ ಚೀಟಿ ಅಂಟಿಸಿ ದುಂಡು ಅಕ್ಷರದಲ್ಲಿ ತಾರೀಖು ಬರೆದು, ಕೆಳಗೆ "ಭಾರತ. ಏನೆಂದು ತಿಳಿಯದು" ಎಂದು ನಮೂದಿಸಿದ್ದರು. ಒಂದು ಚಿಟಿಕೆಯನ್ನೂ ತಿಂದಿರಲಿಲ್ಲ. ತಿನ್ನಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ. ದಿನಾ ಉಡುಗೊರೆ ಕಳಿಸುವ ಹುಡುಗನಿಗೆ ಸೂಪು ನಿಲ್ಲಿಸುವುದು ಹೇಗೆಂದು ಅವರಿಗೂ ದಾರಿ ಕಂಡಿರಲಿಲ್ಲ. "ನನಗೂ ಸಾಕಾಗಿತ್ತು," ಎಂದರು.

ಅವ್ವನ ಕೈ ಅಳತೆ ಅಷ್ಟೂ ನನ್ನ ಮುಂದೆ ಸಾಲಾಗಿ ಕೂತಿತ್ತು. ಫ್ರೌ ಹೈನ್ಲೆ ನನ್ನ ಸಡಿಲ ಪ್ಯಾಂಟು ನೋಡಿದರು, ಬೆಲ್ಟಿನ ಹೊಸ ತೂತು ನೋಡಿದರು. ಆಮೇಲೆ ಮೂರು ವಾರದಿಂದ ನಮ್ಮಿಬ್ಬರಲ್ಲಿ ಯಾರೂ ಕೇಳದೆ ಉಳಿದಿದ್ದ ಮಾತನ್ನು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕೇಳಿದರು:

"ನೀನು ಏನು ತಿನ್ನುತ್ತೀಯ?"

ನನಗೆ ಅಳು ತಡೆಯಲಾಗಲಿಲ್ಲ. ದೇಶ ಕಟ್ಟಲು ಹೋದವನು ಬಟ್ಟಲು ಹಿಡಿದುಕೊಂಡು ಗೊಳೋ ಎಂದು ಅತ್ತೆ. ಅವರು ಹಾಲು ಬಿಸಿಮಾಡಿ ತಂದರು. ಆ ಬಟ್ಟಲಿನಲ್ಲೇ ಹುರಿಹಿಟ್ಟು ಕಲಸಿ ಇಬ್ಬರೂ ತಿಂದೆವು. ಅವರಿಗೆ ಅದು ಅಷ್ಟೇನೂ ರುಚಿಸಲಿಲ್ಲ, ಅದನ್ನೂ ನೇರವಾಗಿ ಹೇಳಿದರು. ಅವತ್ತಿನಿಂದ ನನಗೆ ಬರೀ ಬೇಳೆಯ ಸೂಪು, ವಾಲ್ಡಿಗೆ ಅರ್ಧ ಊಟ. ಆ ನಾಯಿ ನನ್ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಕಾಗದ ಮೂರು ವರ್ಷವೂ ಜೇಬಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ಪೆಟ್ಟಿಗೆಗೆ ಓಡಾಡಿತೇ ಹೊರತು ಅಂಚೆಗೆ ಹೋಗಲಿಲ್ಲ.

ಓದು ಮುಗಿಸಿ ಹೊರಟ ದಿನ ಫ್ರೌ ಹೈನ್ಲೆ ಈ ಬಟ್ಟಲಿನ ತುಂಬ ಬೇಳೆ ಹಾಕಿ, ಬಟ್ಟೆ ಕಟ್ಟಿ, ನನ್ನ ತಾಯಿಗೆಂದು ಕೊಟ್ಟರು. ಬಟ್ಟಲು ವಾಪಸು ಬರಬೇಕು, ಖಾಲಿ ಬರಬಾರದು, ಎಂದು ಬೆರಳೆತ್ತಿ ಎಚ್ಚರಿಸಿದರು. ಅವ್ವ ಆ ಬೇಳೆಯಲ್ಲಿ ಸಾರು ಮಾಡಿ ಬೀದಿಗೆಲ್ಲ ಹಂಚಿದಳು. ನಾನು ಕೊಬ್ಬರಿ ತುಂಬಿ ಕಳಿಸೋಣ, ಸುಗ್ಗಿ ಕಳೆಯಲಿ, ಮದುವೆ ಮುಗಿಯಲಿ, ವರ್ಗವಾಗಲಿ ಎಂದುಕೊಳ್ಳುತ್ತಾ ಇದ್ದೆ. ಹೋದ ವರ್ಷ ಫ್ರೌ ಹೈನ್ಲೆಯ ತಂಗಿಯ ಮಗನಿಂದ ನಾಲ್ಕು ಸಾಲಿನ ಕಾಗದ ಬಂತು. ಇನ್ನು ಕಳಿಸುವುದಕ್ಕೆ ವಿಳಾಸವಿಲ್ಲ. ಇಷ್ಟು ದಿನ ಇದನ್ನು ಯಾರಿಗೂ ಹೇಳಿಲ್ಲ, ನಾಚಿಕೆ.

ಇಷ್ಟು ನೆನಪಾಗುವ ಹೊತ್ತಿಗೆ ಗಿರಿಜ ಆ ಹುಡುಗಿಗೆ ಸಂಜೆ ಕಳಿಸಲು ಹುರುಳಿ ಸಾರು, ಮುದ್ದೆಗೆ ಅಣಿಮಾಡುತ್ತಿದ್ದಳು. ಬಯ್ಯುತ್ತಲೇ ಕಳಿಸುವುದು ಅವಳ ಪದ್ಧತಿ. ನಾನು ಜಗಲಿಗೆ ಬಂದೆ. ಮಹಡಿ ಮೆಟ್ಟಿಲ ಬುಡದಲ್ಲಿ ನಮ್ಮ ಬೀದಿಯ ಕರಿಯ ಮಲಗಿತ್ತು. ಹೋದ ತಿಂಗಳು ಪಕ್ಕೆಲುಬು ಎಣಿಸಬಹುದಾಗಿದ್ದ ನಾಯಿ ಈಗ ಗುಂಡಗೆ, ಮಿರಿಮಿರಿ ಮಿಂಚುತ್ತಿದೆ.

ಒಳಗೆ ಹೋಗಿ ನೀಲಿ ಅಂಚಿನ ಬಟ್ಟಲಿನಿಂದ ಗುಂಡಿ, ಸೂಜಿ, ದಾರವನ್ನೆಲ್ಲ ಪತ್ರಿಕೆಯ ಮೇಲೆ ಸುರಿದೆ. ಬಟ್ಟಲು ಹಿಡಿದು ಹೊರಟೆ.

"ಏನ್ರೀ, ಬರೀ ಬಟ್ಲು ಹಿಡ್ಕೊಂಡು ಹೋಗ್ತಿದ್ದೀರಲ್ಲ," ಅಂದಳು ಗಿರಿಜ.

"ಏನ್ ಹಾಕ್ಬೇಕು ಅಂತ ಕೇಳ್ಕೊಂಡ್ ಬತ್ತೀನಿ," ಅಂದೆ.

ಜೀವನದಲ್ಲಿ ಮೊದಲ ಸಲ ಖಾಲಿ ಬಟ್ಟಲು ಹಿಡಿದು ಇನ್ನೊಬ್ಬರ ಬಾಗಿಲು ಬಡಿದೆ. ಹುಡುಗಿ ಬಾಗಿಲು ತೆಗೆದಳು. ಬ್ಯಾಂಕಿನಲ್ಲಿ ಕಲಿತ ನಾಲ್ಕು ಮಾತು ಕನ್ನಡ ಅವಳಿಗೆ ಬರುತ್ತದೆ. ನಾನು ಬಿಡಿಸಿ ಬಿಡಿಸಿ ಕೇಳಿದೆ: "ನೀನು ಏನು ತಿನ್ನುತ್ತೀಯಮ್ಮ?"

ಅವಳು ನನ್ನ ಕೈಯ ಬಟ್ಟಲನ್ನು ನೋಡಿದಳು. ಆಮೇಲೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಾಲ ಅಲ್ಲಾಡಿಸುತ್ತಾ ನಿಂತಿದ್ದ ಕರಿಯನನ್ನು ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು.