ಕೆಂಜಿಗ ಮುಟ್ಟಿದ ನೀಲಿ ಹೂವು

ನಿನ್ನೆ ಮಗಳು ರಸಾಯನಶಾಸ್ತ್ರ ಓದ್ತಾ ಕೂಗಿದಳು. "ಅಮ್ಮಾ, ಫಾರ್ಮಿಕ್ ಆಸಿಡ್‌ಗೆ ಆ ಹೆಸರು ಯಾಕೆ ಗೊತ್ತಾ? ಲ್ಯಾಟಿನ್‌ನಲ್ಲಿ ಫಾರ್ಮಿಕಾ ಅಂದ್ರೆ ಇರುವೆ. ಮೊದಲು ಇರುವೆಗಳನ್ನ ಬಟ್ಟಿ ಇಳಿಸಿನೇ ಅದನ್ನ ತೆಗೆದ್ರಂತೆ!"

ಕೇಳಿದ್ದೇ ತಡ, ಆ ಹುಳಿ ಘಾಟು ಮೂಗಿಗೆ ಬಂದ ಹಾಗಾಯ್ತು. ಯಲ್ದೂರಿನ ನಮ್ಮ ಮಾವಿನ ತೋಪು, ನಾನಾಗ ಚಿಕ್ಕ ಹುಡುಗಿ. ಕಾಯಿ ಕೀಳೋ ಮುಂಚೆ ಅಜ್ಜಿ ಮೊಣಕೈವರೆಗೂ ಒಲೆಬೂದಿ ಬಳ್ಕೋತಿದ್ದಳು, ಕೆಂಜಿಗ ಹತ್ತದಿರಲಿ ಅಂತ. ಒಂದು ದಿನ ನಾನು ಬೂದಿ ಗೀದಿ ಏನೂ ಇಲ್ಲದೆ ಕೊಂಬೆಗೆ ಕೈ ಹಾಕಿದೆ. ಎಲೆ ಹೆಣೆದ ಗೂಡು ಹರಿದು, ಕೆಂಪಿರುವೆಗಳು ಕೈತುಂಬಾ ಕಚ್ಚಿದವು.

"ಆ ಗೂಡು ಸುಟ್ಟಾಕು ಅಜ್ಜೀ!" ಅಂತ ಅಳ್ತಾ ಕೂಗಿದೆ.

"ಸುಡೋದಾ? ಹುಳ ತಿಂದು ಮರ ಕಾಯೋವು ಕಣೇ ಅವು. ಅವುಗಳ ಹತ್ರ ಏನಿದೆ ನೋಡು ಬಾ."

ಅಜ್ಜಿ ಬೇಲಿಯಿಂದ ಒಂದು ನೀಲಿ ಶಂಖಪುಷ್ಪ ಕಿತ್ತು ಗೂಡಿನ ಮುಂದೆ ಹಿಡಿದಳು. ಇರುವೆಗಳು ಹಿಂಭಾಗ ಎತ್ತಿ ಏನೋ ಚಿಮ್ಮಿಸಿದವು. ನೋಡ್ತಾ ನೋಡ್ತಾ ನೀಲಿ ಎಸಳಿನ ಮೇಲೆ ಒಂದೊಂದೇ ಕೆಂಪು ಚುಕ್ಕಿ ಮೂಡಿತು. ನಾನು ಅಳೋದನ್ನೇ ಮರೆತು ಬಾಯಿ ಬಿಟ್ಟುಕೊಂಡು ನಿಂತೆ.

"ಇದೇ ಹುಳಿ ನಿನ್ನ ಕೈ ಉರಿಸ್ತಿರೋದು," ಅಂತ ಅಜ್ಜಿ ಕಚ್ಚಿದ ಕಡೆಯೆಲ್ಲ ಬೂದಿ ತಿಕ್ಕಿದಳು.

ಇವತ್ತು ಬೆಳಿಗ್ಗೆ ಮಗಳು, "ಲಿಟ್ಮಸ್ ಪೇಪರ್ ಎಲ್ಲಿ ಸಿಗುತ್ತಮ್ಮಾ?" ಅಂದಳು. ಕಾಂಪೌಂಡಿನ ಬಳ್ಳಿಯಿಂದ ಒಂದು ನೀಲಿ ಹೂ ಕಿತ್ತು ಅವಳ ಕೈಗಿಟ್ಟೆ.

"ಹಿತ್ತಲ ಮಾವಿನ ಮರದ ಹತ್ರ ನಡಿ, ಅಲ್ಲೂ ಕೆಂಜಿಗ ಗೂಡು ಕಟ್ಟಿವೆ. ಮೊದಲು ನೀರೊಲೆ ಬೂದಿ ಬಳ್ಕೋ."