ಈ ಆಯೇರಿ ಯಾರಿಗ್ರಿ?

ಹುಕ್ಕೇರಿಗೆ ಬಂದ ಮೊದಲ ತಿಂಗಳು ಬಾಜೂ ಮನೆಯವರು ನಾಟಕಕ್ಕೆ ಕರೆದೊಯ್ದರು. ರಂಗದ ಮೇಲೆ ರಾಜ ಸತ್ತು ಬಿದ್ದಿದ್ದ, ರಾಣಿ ಎದೆ ಬಡಿದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪ್ರೇಕ್ಷಕರೊಬ್ಬರು ಮೇಲೆ ಹತ್ತಿ ರಾಜನಿಗೆ ಟವೆಲ್ ಹೊದಿಸಿದರು. ಮೈಕಿನಲ್ಲಿ ಅವರ ಹೆಸರು ಕೂಗಿದರು. ರಾಜ ಎದ್ದು ಕೂತು, ಕೈಮುಗಿದು, ಮತ್ತೆ ಸತ್ತ. ಇದಕ್ಕೆ ಇಲ್ಲಿ ಆಯೇರಿ ಅನ್ನುತ್ತಾರೆ. ಮದುವೆಯ ಉಡುಗೊರೆಗೂ ಅದೇ ಮಾತು.

ಮೈಸೂರಿನಲ್ಲಿ ನಾವು ಕತ್ತಲಲ್ಲಿ ಕೂತು, ಅತ್ತು, ಹೊರಗೆ ಬಂದು ಕಾಫಿ ಕುಡಿಯುವವರು. ಆ ಮೈಮರೆವು ಮುರಿಯಬೇಕು, ನಟ ಪಾತ್ರ ಬಿಟ್ಟು ಜನರನ್ನೇ ಪ್ರಶ್ನೆ ಕೇಳಬೇಕು, ಅವರು ಅಳದೆ ಯೋಚಿಸಬೇಕು ಅಂತ ವರ್ಷಗಟ್ಟಲೆ ಕಲಿತವಳು ನಾನು. ಇಲ್ಲಿ ಪುಕ್ಕಟೆಯಾಗಿ ಮುರಿಯುತ್ತಾರಲ್ಲ, ಅರ್ಧ ಕೆಲಸ ಮುಗಿಯಿತು ಅಂದುಕೊಂಡೆ. ನನ್ನ ತಲೆ.

ಈ ವರ್ಷ ನನ್ನ ಕಾಲೇಜಿನ ಮಕ್ಕಳಿಂದ ದಡ್ಡಿ ಅನ್ನುವ ಊರಿನ ಕಡೆಯ ಹಳ್ಳಿಯೊಂದರಲ್ಲಿ ನಾಟಕ ಆಡಿಸಿದೆ. ಮಗಳ ಓದು ಬಿಡಿಸಿ ಮದುವೆ ಮಾಡುವ ಅಪ್ಪನ ಕಥೆ. ಮಗಳ ಪಾತ್ರ ಅದೇ ಹಳ್ಳಿಯ ಶಿವಲೀಲಾಳದು. ಅಪ್ಪನಿಲ್ಲದ ಅವಳಿಗೂ ಕಾಕಾ, ಅಂದರೆ ಚಿಕ್ಕಪ್ಪ, ಓದು ಬಿಡಿಸಿ ಗಂಡು ಗೊತ್ತುಮಾಡುತ್ತಿದ್ದರು. ಅಪ್ಪ ಪುಸ್ತಕ ಕಸಿದ ಕೂಡಲೇ ಆಟ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಜನರನ್ನು ಕೇಳು ಅಂತ ಅವಳಿಗೆ ಹೇಳಿಕೊಟ್ಟಿದ್ದೆ.

ಪುಸ್ತಕ ಕಸಿದದ್ದೇ ತಡ, ಅವಳ ಕಾಕಾನೇ ಮೇಲೆ ಹತ್ತಿ ಅಪ್ಪನ ಪಾತ್ರಧಾರಿಗೆ ಟವೆಲ್ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಶಿವಲೀಲಾ ಮೈಕ್ ಹಿಡಿದು, ನಾನು ಕಲಿಸಿದ್ದನ್ನು ಬಿಟ್ಟು ಬೇರೆಯೇ ಕೇಳಿದಳು.

"ಕಾಕಾ, ಈ ಆಯೇರಿ ಯಾರಿಗ್ರಿ? ಛಲೋ ಪಾರ್ಟ್ ಮಾಡಿದಾವಗೋ, ಮಗಳ ಪುಸ್ತಕ ಕಸಗೊಂಡ ಅಪ್ಪಗೋ?"

ಚಪ್ಪಾಳೆ ನಿಂತಿತು. ಕಾಕಾ ಇಳಿದು ನೇರವಾಗಿ ನನ್ನ ಹತ್ತಿರ ಬಂದರು.

"ಮೇಡಂರೀ, ನೀವು ನಾಳೆ ನಿಮ್ಮೂರಿಗೆ ಹೋಗಾವ್ರು. ಆಕಿ ನಮ್ಮ ಮನ್ಯಾಗ ಇರಾಕಿ."

ಸೋಮವಾರದಿಂದ ಅವಳು ಕಾಲೇಜಿಗೆ ಬಂದಿಲ್ಲ. ಮೈಸೂರಿನ ಗೆಳೆಯರಿಗೆ ಫೋನಿನಲ್ಲಿ ಹೇಳಿದರೆ, ಎಂಥ ಅದ್ಭುತ ಕ್ಷಣ, ಬರೆದು ಕಳಿಸು ಅಂದರು. ಫೋನ್ ಕುಕ್ಕಿಬಿಟ್ಟೆ. ನಿಮಗೆ ಅದು ಕ್ಷಣ, ಕಣ್ರೀ, ಅವಳಿಗೆ ಮನೆ. ಕಾಕಾನ ಮೇಲೆ ಸಿಟ್ಟಿದೆ, ನಿಮ್ಮ ಮೇಲೂ ಇದೆ. ಪ್ರಶ್ನೆ ಕಲಿಸಿ ಬಸ್ ಹತ್ತಿ ಬಂದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚಿದೆ. ನಿಮ್ಮ ಹಾಗೆ ದೂರ ಕೂತು ಮೆಚ್ಚಲಾರೆ, ಇಲ್ಲಿಯವಳು ಅಂತ ಹೇಳಿಕೊಳ್ಳುವ ಧೈರ್ಯವೂ ಇಲ್ಲ.

ನಿನ್ನೆ ಅವಳ ಮನೆಗೆ ಹೋದೆ. ಕಾಕಾ ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ, ಶಿವಲೀಲಾಳ ಕಾಕು, ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು.

"ಅವ್ರು ಮನ್ಯಾಗಿದ್ದಾಗ ಬರ್ರಿ. ನಾಟಕದಾಗ ಆಕಿ ಕೇಳಿದ್ದಕ್ಕ ಅವ್ರಿನ್ನಾ ಉತ್ತರಾ ಕೊಟ್ಟಿಲ್ಲ."